ಜೊತೆಯಲ್ಲಿ: ಎಸ್. ಖೋತ

ಪುಣೆಗೆ ಬಂದ ಮೇಲೆ ನನ್ನ ಮಾತು ಬಹಳ ಕಡಿಮೆಯಾಯಿತು. ಸರ್ಕಾರಿ ಪರೀಕ್ಷೆಗೆ ಓದುವವರ ಅಭ್ಯಾಸಿಕೆ ಎಂಬ ಓದುಕೋಣೆಯಲ್ಲಿ ಮರದ ಗೂಡಿನಂಥ ಮೇಜಿನೊಳಗೆ ತಲೆ ಹುದುಗಿಸಿ ಕೂತರೆ ಪಕ್ಕದವಳ ಪೆನ್ನಿನ ಸದ್ದೇ ಊರಿನ ಸದ್ದು. ಮೆಸ್ಸಿನವಳಿಗೆ “ಇನ್ನೊಂದು ಚಪಾತಿ” ಅನ್ನುವುದು, ಕೋಣೆಯ ಹುಡುಗಿಗೆ “ದೀಪ ಆರಿಸಲಾ” ಅನ್ನುವುದು. ಕೆಲವು ದಿನ ಅಷ್ಟೇ.

ಹತ್ತಿರದ ಟೇಕಡಿಯಲ್ಲಿ, ಅಂದರೆ ಗುಡ್ಡದಲ್ಲಿ, ಓಡಲು ಶುರು ಮಾಡಿದ್ದು ಬೆನ್ನುನೋವಿಗೆ. ಅಭ್ಯಾಸಿಕೆಯ ಹುಡುಗಿಯರೆಲ್ಲ ಓಟದ ಆ್ಯಪ್ ಇಟ್ಟುಕೊಂಡು, ಬೆವರಿದ ಮುಖದ ಫೋಟೊ ಹಾಕಿ, ಒಬ್ಬರಿಗೊಬ್ಬರು ಚಪ್ಪಾಳೆ ಒತ್ತುತ್ತಿದ್ದರು. ನಾನೂ ಸೇರಿಕೊಂಡೆ. ಮುಖ ಹಾಕಲು ನಾಚಿಕೆಯಾಗಿ ಟೇಕಡಿಯ ಮೇಲೆ ಕಂಡ ನವಿಲಿನ ಚಿತ್ರ ಹಾಕಿದೆ. ಶರಯೂ ಎಂದು ಪೂರ್ತಿ ಬರೆಯಲೂ ಹಿಂಜರಿದು ‘ಎಸ್. ಖೋತ’ ಎಂದಷ್ಟೇ ಬರೆದೆ. ಅದು ನಾನೆಂದು ಯಾರಿಗೂ ಹೇಳಲಿಲ್ಲ, ಹಾಗಾಗಿ ಯಾರೂ ಚಪ್ಪಾಳೆ ಒತ್ತಲಿಲ್ಲ. ಇನ್ನು ಈ ಗುಡ್ಡ ಹತ್ತುವುದು ಸಾಕು ಅಂದುಕೊಂಡ ದಿನವೇ ನನ್ನ ಓಟದ ಕೆಳಗೆ ಒಂದು ಸಾಲು ಬಂದಿತ್ತು. ‘ಜೊತೆಯಲ್ಲಿ: ಓವೀ ಬರ್ವೆ.’

ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಹೋದವರನ್ನು ಆ್ಯಪ್ ತಾನೇ ಗುರುತಿಸಿ ಹೀಗೆ ಬರೆಯುತ್ತದೆ. ಫೋಟೊ ನೋಡಿದೆ. ಎತ್ತಿ ಕಟ್ಟಿದ ಕೂದಲು, ಗಲ್ಲದಲ್ಲಿ ಗುಳಿ. ಬೆಳಿಗ್ಗೆ ನನ್ನ ಮುಂದೆ ತಿರುವಿನಲ್ಲಿ ಮರೆಯಾಗುತ್ತಿದ್ದ ಹಸಿರು ಬೂಟಿನವಳು.

ಆಮೇಲೆ ಆ ಸಾಲಿಗಾಗಿಯೇ ಎದ್ದೆ. ತೀರ ಹಿಂದೆ ಬಿದ್ದರೆ ಅದು ಬರುತ್ತಿರಲಿಲ್ಲ, ಅಂಥ ದಿನ ಓದಿದ್ದೂ ತಲೆಗೆ ಹತ್ತುತ್ತಿರಲಿಲ್ಲ. ಅವಳು ಬೇಗ ಬರತೊಡಗಿದಳು, ನಾನೂ ಬೇಗ ಎದ್ದೆ. ಅವಳು ಹಳೆಯ ಕಲ್ಲುಗಣಿಯ ಕಡೆಯ ದಾರಿ ಹಿಡಿದಳು, ನಾನೂ ಹಿಡಿದೆ. ಅವಳ ವೇಗ ಹೆಚ್ಚಿತು, ನನ್ನ ಕಾಲೂ ಕಲಿಯಿತು. ಬಾಯಿಬಿಟ್ಟು ಹೇಳದೆ ಇಬ್ಬರೂ ಏನೋ ಒಪ್ಪಿಕೊಂಡಿದ್ದೇವೆ ಎಂದೇ ನಂಬಿದ್ದೆ. ಅದೇ ಸಾಲು ಅವಳ ಫೋನಿನಲ್ಲೂ ಮೂಡುತ್ತದೆಂದು ಗೊತ್ತಿತ್ತು. ಅವಳಿಗೂ ಖುಷಿಯಾಗುತ್ತಿರಬೇಕು. ಒಂದು ದಿನ ಹತ್ತಿರ ಹೋಗಿ ಮಾತಾಡಿಸಬೇಕು. ಪ್ರತಿ ಬೆಳಿಗ್ಗೆ ಮೊದಲ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ, ಅವಳ ಬೆನ್ನು ಕಂಡ ಕೂಡಲೇ ಅದು ಎಲ್ಲಿಗೋ ಹೋಗುತ್ತಿತ್ತು.

ನಡುವೆ ಕೆಲವು ದಿನ ಅವಳು ಬರಲಿಲ್ಲ. ಮತ್ತೆ ಕಂಡಾಗ ಟೇಕಡಿಯ ಬುಡದಲ್ಲೇ ನಿಂತಿದ್ದಳು. ಪಕ್ಕದಲ್ಲಿ ಅವಳ ತಂದೆ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಗಿಡಗಳಿಗೆ ಹಾಕುವ ನೀರಿನ ಬಾಟಲಿ. ನಾನು ಆಗಲೇ ಆ್ಯಪಿನಲ್ಲಿ ‘ಶುರು’ ಒತ್ತಿ ಫೋನನ್ನು ಜೇಬಿಗೆ ಹಾಕಿದ್ದೆ.

“ಒಂದ್ನಿಮಿಷ ಕಣ್ರೀ,” ಅಂದಳು. ನನಗೇ. “ನೀವು ದಿನಾ ಬರ್ತೀರಲ್ವಾ? ಯಾರಾದ್ರೂ ಗಂಡಸು ನನ್ನ ಹಿಂದೆ ಓಡೋದು ನೋಡಿದೀರಾ? ಎಸ್. ಖೋತ ಅಂತ. ಮುಖ ಗೊತ್ತಿಲ್ಲ, ನವಿಲಿನ ಚಿತ್ರ ಹಾಕ್ಕೊಂಡಿದಾನೆ. ಹೊತ್ತು ಬದಲಾಯಿಸಿದೆ, ಬಂದ. ದಾರಿ ಬದಲಾಯಿಸಿದೆ, ಅಲ್ಲಿಗೂ ಬಂದ.”

“ಸಿಗಲಿ ನವಿಲು,” ಅಂದರು ತಂದೆ. “ಗರಿ ಕಿತ್ತು ಕೈಗೆ ಕೊಡ್ತೀನಿ.”

“ಬಾಬಾ, ಆ ಕೋಲಲ್ಲಿ ನೀವು ಇವತ್ತಿನವರೆಗೂ ಒಂದು ನಾಯೀನೂ ಓಡಿಸಿಲ್ಲ.”

“ನಾಯಿಗಳು ನನಗೇನು ಮಾಡಿದ್ವು?”

ಅವಳು ನಗಲಿಲ್ಲ. ಫೋನಿನಲ್ಲಿ ನವಿಲಿನ ಚಿತ್ರ ತೆರೆದು ನನ್ನ ಮುಂದೆ ಹಿಡಿದಳು. ‘ನಾನೇ’ ಅಂದರೆ ಮುಗಿಯುತ್ತಿತ್ತು. ಆದರೆ ಅಂದ ಮೇಲೆ ಅವಳು ನನ್ನನ್ನು ನೋಡುವ ಬಗೆ ಹೇಗಿರುತ್ತದೋ.

“ಇಲ್ಲ. ಯಾರನ್ನೂ ನೋಡಿಲ್ಲ,” ಅಂದೆ.

“ನೀನೂ ಒಬ್ಬಳೇ ಹೋಗ್ತೀಯಾ ಮಗೂ?” ಅಂದರು ತಂದೆ. “ಬೇಡ. ನಮ್ಮ ಜೊತೆ ಬಾ.”

ಹಾಗೆ ನಾನು ಮೊದಲ ಸಲ ಅವಳ ಪಕ್ಕದಲ್ಲಿ ಟೇಕಡಿ ಹತ್ತಿದೆ. ಅವಳು ಮಾತುಗಾರ್ತಿ. “ಹೆದರಿ ಹೆದರಿ ಎಷ್ಟು ಜೋರಾಗಿ ಓಡಿದೀನಿ ಗೊತ್ತಾ? ಆ್ಯಪಲ್ಲಿ ಎಲ್ಲರ ಚಪ್ಪಾಳೆ. ಏನು ಓವೀ, ಯಾರು ನಿನ್ನ ಕೋಚು ಅಂತ ಕೇಳ್ತಾರೆ.”

“ಖೋತ ಸರ್ ಅನ್ನು,” ಅಂದರು ತಂದೆ, ಏದುಸಿರಿನ ನಡುವೆ.

ನನಗೆ ನಗು ಬಂತು. ನನ್ನ ನಗುವಿನ ದನಿ ನನಗೇ ಹೊಸದಾಗಿ ಕೇಳಿಸಿತು. ಮೇಲೆ ಬೇವಿನ ಸಸಿಗೆ ಅರ್ಧ ನೀರು ಹಾಕಿದ ತಂದೆ ಬಾಟಲಿಯನ್ನು ನನ್ನ ಕೈಗಿತ್ತರು. ಉಳಿದದ್ದನ್ನು ನಾನು ಹಾಕಿದೆ.

“ನಿನ್ನ ಹೆಸರೇ ಕೇಳಲಿಲ್ಲ ನೋಡು,” ಅಂದಳು ಓವೀ.

“ಶರಯೂ.”

“ಚೆನ್ನಾಗಿದೆ. ಆ್ಯಪಲ್ಲಿದೀಯಾ? ಸೇರಿಸ್ಕೋತೀನಿ.”

“ಇಲ್ಲ. ಅದೆಲ್ಲ ನನಗಾಗಲ್ಲ.”

“ಒಳ್ಳೇದು ಮಾಡಿದೆ ಬಿಡು. ನಾಳೆ ಇದೇ ಹೊತ್ತಿಗೆ ಬಾ, ಒಟ್ಟಿಗೆ ಹತ್ತೋಣ.”

ಇಳಿಯುವಾಗ ನನ್ನ ಕೈ ಜೇಬಿನಲ್ಲೇ ಇತ್ತು. ಈ ಓಟವನ್ನು ಅಳಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ರಾತ್ರಿಯೊಳಗೆ ಖೋತನನ್ನೇ ಅಳಿಸಿಹಾಕಿ, ನಾಳೆಯಿಂದ ಬರೀ ಶರಯೂ ಆಗಿ ಬರಬಹುದು. ಅಷ್ಟು ಸುಲಭವಿತ್ತು. ಆದರೆ ಹಿಂದಿನ ಸಾಲುಗಳೆಲ್ಲ ದೂರದ ಒಂದು ಬೆನ್ನನ್ನು ನೋಡಿ ಬರೆದವು. ಅವಳ ತೋಳು ನನ್ನ ತೋಳಿಗೆ ತಾಗುತ್ತಿದ್ದುದು ಇವತ್ತೊಂದೇ ದಿನ. ಇದು ಎಲ್ಲೂ ಬರೆದಿರದಿದ್ದರೆ ನಡೆದಿದ್ದೇ ಸುಳ್ಳಾಗುತ್ತದೆ ಅನಿಸಿತು. ಅವಳು ಈಗಲೇ ಫೋನ್ ನೋಡಲಿಕ್ಕಿಲ್ಲ, ಕೋಣೆಗೆ ಹೋಗಿ ಒಂದು ಸಲ ನೋಡಿ, ಆಮೇಲೆ ಅಳಿಸಿದರಾಯಿತು. ಕೊನೆಯ ಮೆಟ್ಟಿಲುಗಳ ಹತ್ತಿರ ಫೋನ್ ಹೊರಗೆ ತೆಗೆಯದೆಯೇ, ಅಂದಾಜಿನಲ್ಲಿ ‘ಮುಗಿಸು’ ಒತ್ತಿದೆ.

ಕೆಳಗೆ ಬಂದು ಅವಳೂ ತನ್ನ ಫೋನ್ ತೆಗೆದಳು. ಮುಖದ ಬಣ್ಣ ಇಳಿಯಿತು.

“ಬಾಬಾ, ಇವತ್ತೂ ಇದ್ದಾನೆ. ಮೇಲೆ ಹೋಗಿ ಕೆಳಗೆ ಬರೋ ತನಕ, ಪೂರ್ತಿ ನಮ್ಮ ಜೊತೆಗೇ.”

ಇಬ್ಬರೂ ತಿರುಗಿ ದಾರಿಯನ್ನು ನೋಡಿದರು. ನಾನೂ ನೋಡಿದೆ. ಯಾರೋ ಅಜ್ಜ ಅಜ್ಜಿ ಖಾಲಿ ಕ್ಯಾನು ಹಿಡಿದು ನಿಧಾನವಾಗಿ ಇಳಿಯುತ್ತಿದ್ದರು.

“ಸಾಕು,” ಅಂದರು ತಂದೆ. ಅವರ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. “ನಾಳೆಯಿಂದ ಟೇಕಡಿ ಬೇಡ. ಮನೆ ಪಕ್ಕ ಜಿಮ್ ಇದೆ, ಅಲ್ಲಿಗೆ ಹೋಗು.”

“ಓವೀ,” ಅಂದೆ. ಅವಳ ಕಣ್ಣು ತುಂಬಿತ್ತು. ಹೇಳಹೊರಟಿದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು. “ಅವನು ಕೆಟ್ಟವನಲ್ಲದೆಯೂ ಇರಬಹುದು.”

“ಇರಬಹುದು. ಅದನ್ನ ತಿಳ್ಕೊಳ್ಳೋಕೆ ನಾನ್ಯಾಕೆ ಕಾಯ್ಲಿ?” ಅಂದು ನನ್ನೆದುರಿಗೇ ನವಿಲಿನ ಮೇಲೆ ಬೆರಳಿಟ್ಟು ಒತ್ತಿದಳು. “ಬ್ಲಾಕ್ ಮಾಡಿದೆ. ಇನ್ನು ಅವನಿಗೆ ನಾನು ಕಾಣಲ್ಲ.”

ತಂದೆ ಸ್ಕೂಟರ್ ಶುರು ಮಾಡಿದರು. ಅವಳು ನನ್ನ ಮೊಣಕೈ ಹಿಡಿದು, “ನೀನೂ ಒಬ್ಬಳೇ ಬರಬೇಡ ಶರಯೂ, ಯಾರನ್ನಾದ್ರೂ ಜೊತೆ ಮಾಡ್ಕೋ,” ಅಂದಳು. ಹಿಂದೆ ಕೂತು, ರಸ್ತೆ ಸೇರುವವರೆಗೂ ಕೈ ಬೀಸುತ್ತಿದ್ದಳು. ನಾನೂ ಬೀಸಿದೆ.