ಹಿಂದಿನ ಎಡ ಚಕ್ರದ ಸಾಕ್ಷಿ

ನನ್ನ ನೆನಪಿಗೆ ಗೆದ್ದಲು ಹಿಡಿದಿದೆ ಎಂದು ನಿನ್ನೆ ಈ ಗುಂಪಿನಲ್ಲಿ ಬರೆದ ಮಹಾಶಯರು ಯಾರೋ, ಅವರು ಕಿವಿಗೆ ಹತ್ತಿ ತುರುಕಿಕೊಳ್ಳಲಿ. ಉಳಿದವರು ಕೇಳಿ. ಹೋದ ವಾರ ಏನು ತಿಂದೆ ಎಂದರೆ ಹೇಳಲಾರೆ, ಒಪ್ಪಿದೆ. ಅದೇನು ನೆನಪಿಡುವಂಥ ಊಟವೂ ಆಗಿರಲಿಲ್ಲ. ಆದರೆ ಬ್ರೇಕಜ್ಜನ ಬಸ್ಸಿನಲ್ಲಿ ಹನ್ನೊಂದು ವರ್ಷ ಟಿಕೆಟ್ ಹರಿದವನು ನಾನು. ಯಾವ ಸ್ಟಾಪಿನಲ್ಲಿ ಯಾರು ಕೊಡೆ ಮರೆತು ಇಳಿದರು, ಆ ಕೊಡೆಯ ಹಿಡಿ ಯಾವ ಬಣ್ಣದ್ದು, ಇವತ್ತಿಗೂ ಹೇಳುತ್ತೇನೆ. ಈ ಕತೆಯನ್ನಂತೂ ಅವನ ಬಾಯಿಂದ ಮೂರು ಸಲ, ಅವನ ಸೊಸೆಯ ಬಾಯಿಂದ ಒಂದು ಸಲ ಕೇಳಿದ್ದೇನೆ. ನಡುವೆ ಬಾಯಿ ಹಾಕಬೇಡಿ.

ಬ್ರೇಕಜ್ಜ ಮೂವತ್ತೆರಡು ವರ್ಷ ಬಸ್ಸು ಓಡಿಸಿದವನು. ಮುಂದಿನ ಸೀಟಿನಲ್ಲಿ ಮಲಗಿದ ಕೂಸು ಏಳಬಾರದು, ಅಷ್ಟು ಹದವಾಗಿ ಬ್ರೇಕ್ ಒತ್ತುತ್ತಿದ್ದ. ಅದಕ್ಕೇ ಆ ಹೆಸರು. ನಿವೃತ್ತನಾದ ಮೇಲೆ ಕಣ್ಣು ಕೈಕೊಟ್ಟಿತು. ನೋಟದ ನಟ್ಟನಡುವೆ ಮಸಿಬಟ್ಟೆ ಒರೆಸಿದ ಹಾಗೆ ಒಂದು ಕಲೆ. ನೇರವಾಗಿ ಮುಖ ನೋಡಿದರೆ ಎದುರಿನವರ ಕಿವಿ ಎರಡೂ ಕಾಣುತ್ತಿದ್ದವು, ಮೂಗು ಮಾಯ. ಇನ್ನು ಗಾಡಿ ಓಡಿಸುವಂತಿಲ್ಲ ಎಂದರು ಡಾಕ್ಟರು. ಅವತ್ತೇ ಮನೆಗೆ ಬಂದು, ಎಸ್‌ಯುವಿಯ ಕೀಲಿಯನ್ನು ತಾನಾಗಿಯೇ ಸೊಸೆಯ ಕೈಗಿಟ್ಟ. "ಇನ್ನು ಸ್ಟೇರಿಂಗ್ ಮುಟ್ಟಲ್ಲಮ್ಮ" ಎಂದ.

ಮುಟ್ಟಿದ. ಒಂದೇ ಸಲ. ಚಳಿಗಾಲವೆಂದರೆ ಹಿಮ ಬೀಳುವ ಊರು; ಬೀದಿಯ ಹಿಮ ಬಾಚುವ ಗಾಡಿ ಬರುತ್ತಿತ್ತು, ಎಸ್‌ಯುವಿ ದಾರಿಗಡ್ಡವಾಗಿ ಹೊರಗೇ ನಿಂತಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಐವತ್ತು ಹೆಜ್ಜೆ ಓಡಿಸಿ ಅಂಗಳಕ್ಕೆ ತಂದು ನಿಲ್ಲಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮಗ ಕೇಳಿದಾಗ "ನಾನಲ್ಲಪ್ಪ" ಎಂದುಬಿಟ್ಟ. ಸೀಟು ಹಿಂದಕ್ಕೆ ಸರಿದಿತ್ತು, ಕನ್ನಡಿ ಅವನ ಎತ್ತರಕ್ಕೆ ತಿರುಗಿತ್ತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

ಮಗ ಸೊಸೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಇಬ್ಬರೂ ಅವನನ್ನು ಗಾಜಿನ ಲೋಟ ಎತ್ತಿಡುವ ಹಾಗೆ ನಡೆಸಿಕೊಳ್ಳತೊಡಗಿದರು. "ನೀವು ಕೂತ್ಕೊಳ್ಳಿ ಅಪ್ಪ", "ನಿಮಗ್ಯಾಕೆ ಮಾವ ತೊಂದ್ರೆ". ಕೈಗೊಂದು ಕೆಲಸವಿರಲಿ ಎಂದು ಮಗ ಅವನಿಗೆ ಗಾಡಿ ತೊಳೆಯುವ ಪ್ರೆಶರ್ ಪಂಪು ತಂದುಕೊಟ್ಟ; ಮೂತಿ ತೀರ ಹತ್ತಿರ ಹಿಡಿಯಬೇಡಿ ಎಂದು ಮೆತ್ತಗೆ ಹೇಳಿದ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಗಾಡಿಯ ಹೊಟ್ಟೆಗೆ ಅಂಟಿ ಕಬ್ಬಿಣ ತಿನ್ನುತ್ತದೆ ಎನ್ನುವುದನ್ನು ಬಸ್ಸಿನವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಭಾನುವಾರ ಬಂತೆಂದರೆ ಅಜ್ಜ, ಪಂಪು, ಬಕೆಟ್ಟು.

ಸೊಸೆ ನರ್ಸು. ಮನೆ ಮನೆಗೆ ಹೋಗಿ, ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಏರುರಸ್ತೆ, ಹಿಮ, ಕೆಸರು. ಆ ಎಸ್‌ಯುವಿ ಇಲ್ಲದಿದ್ದರೆ ಅವಳಿಗೆ ಕಾಲೇ ಇಲ್ಲದ ಹಾಗೆ. ಎರಡನೇ ವರ್ಷದ ಚಳಿಗಾಲದಲ್ಲಿ ಸ್ಟೇರಿಂಗಿನ ಮುಂದಿನ ಫಲಕದಲ್ಲಿ ದೀಪಗಳ ಕಾಟ ಶುರುವಾಯಿತು. ಒಂದಲ್ಲ, ಮೂರು ಒಟ್ಟಿಗೆ: ಬ್ರೇಕಿಗೆ ಸಂಬಂಧಿಸಿದ, ಎ.ಬಿ.ಎಸ್. ಎಂದು ಬರೆದ ಹಳದಿ ದುಂಡನೆಯದು, ಜಾರುವ ಕಾರಿನ ಹಿಂದೆ ಹಾವು ಹರಿದ ಹಾಗೆ ಗೆರೆ ಇರುವುದು, ನಾಲ್ಕು ಚಕ್ರದ ಚಿತ್ರದ್ದು. ಹತ್ತುತ್ತಿದ್ದವು, ಎರಡು ಮೂರು ದಿನ ಇರುತ್ತಿದ್ದವು, ತಾವಾಗಿ ಆರುತ್ತಿದ್ದವು. ದೊಡ್ಡ ಗ್ಯಾರೇಜಿನವರು "ಹಿಮದಲ್ಲಿ ಓಡಿಸಿದ್ರೆ ಇದೆಲ್ಲ ಮಾಮೂಲಿ" ಎಂದು ಬ್ಯಾಟರಿ ಬದಲಾಯಿಸಿ ಕಳಿಸಿದರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಮುಂದಿನ ವಾರ ಮತ್ತೆ ಮೂರೂ ಹಾಜರ್.

ಆಮೇಲೆ ಐದಾರು ದಿನ ಹಿಮವೇ ಬೀಳಲಿಲ್ಲ, ರಸ್ತೆ ಒಣಗಿತು, ದೀಪಗಳು ಆರಿದವು. ಒಂದು ಶನಿವಾರ ಮಗ ಸೊಸೆ ರೈಲು ಹತ್ತಿ ನೆಂಟರ ಮನೆಗೆ ಹೋಗಿ ಭಾನುವಾರ ಸಂಜೆ ಬಂದರು. ಸೋಮವಾರ ಬೆಳಗ್ಗೆ ಸೊಸೆ ಗಾಡಿ ತೆಗೆದು ಎರಡನೇ ತಿರುವು ದಾಟಿಲ್ಲ, ಮೂರೂ ದೀಪ ಹತ್ತಿದವು. ಒಬ್ಬ ರೋಗಿಯ ಗೇಟಿನ ಮುಂದೆ ನಿಧಾನಕ್ಕೆ ಬ್ರೇಕ್ ಒತ್ತಿದರೆ, ಪೆಡಲು ಕಾಲಡಿಯಲ್ಲಿ ಗುರ್ರೆಂದು ನಡುಗಿ, ಗಾಡಿ ಒಂದು ಮಾರು ಮುಂದೆ ಹೋಗಿ ನಿಂತಿತು. 

ಸಂಜೆ ಊಟದ ಮೇಜಿನಲ್ಲಿ ಮಗ ಗಂಟಲು ಸರಿಮಾಡಿಕೊಂಡ.

"ಅಪ್ಪಾ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಬೇಜಾರಾಗೋ ಮಾತಲ್ದಿದ್ರೆ ನೀನು ಪರ್ಮಿಷನ್ ಕೇಳ್ತಾನೇ ಇರ್ಲಿಲ್ಲ. ಕೇಳು."

"ಶುಕ್ರವಾರ ಇವಳು ಓಡಿಸ್ದಾಗ ಒಂದು ಲೈಟೂ ಇರ್ಲಿಲ್ಲ. ರಸ್ತೇಲಿ ಹಿಮ ಇಲ್ಲ. ಎರಡು ದಿನ ಗಾಡಿ ಇಲ್ಲೇ ನಿಂತಿತ್ತು. ಇವತ್ತು ಮೂರೂ ಹತ್ಕೊಂಡಿವೆ."

"ಹತ್ಕೊಂಡ್ರೆ? ನಾನೇನು ಬೆಂಕಿಕಡ್ಡಿ ಗೀರಿದ್ನಾ?"

"ಹಾಗಲ್ಲ... ಎಲ್ಲಾದ್ರೂ ಸ್ವಲ್ಪ ದೂರ... ಚಕ್ರ ಫುಟ್‌ಪಾತ್‌ಗೆ ಏನಾದ್ರೂ ಬಡೀತಾ?"

"ನಾನು ಓಡ್ಸಿಲ್ಲ."

"ಅವತ್ತೂ ಹೀಗೇ ಅಂದಿದ್ರಿ."

ಅಷ್ಟೇ. ಮಗ ತಟ್ಟೆ ನೋಡುತ್ತ ಕೂತ. ಸೊಸೆ ನೀರು ತರುವ ನೆಪದಲ್ಲಿ ಎದ್ದಳು. ಮರುದಿನ ನೋಡಿದರೆ, ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿದ್ದ ಕೀಲಿ ಮಗನ ದಿಂಬಿನ ಕೆಳಗೆ ಹೋಗಿತ್ತು. ಬ್ರೇಕಜ್ಜನಿಗೆ ಕೀಲಿ ಬೇಕಾಗಿರಲಿಲ್ಲ. ಕಣ್ಣಿನ ಸಂಗತಿ ಅವನು ಒಪ್ಪಿಕೊಂಡು ಆಗಿತ್ತು. ಈ ಸಲ ತಾನು ಹೇಳಿದ್ದು ನಿಜ, ಅದನ್ನು ತನ್ನ ಮನೆಯವರು ನಂಬಬೇಕು; ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಆದರೆ ಐವತ್ತು ಹೆಜ್ಜೆಯ ಆ ಸುಳ್ಳು ಅಡ್ಡ ಕೂತಿತ್ತು. ಯಾರ ಮೇಲೆ ರೇಗುವುದು? ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಬುಧವಾರ ಸೊಸೆ ಗಾಡಿಯನ್ನು ವೈರಕ್ಕನ ಶೆಡ್ಡಿಗೆ ಒಯ್ಯಲು ಹೊರಟಾಗ ಅವನೂ ಟೋಪಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತ.

"ಚಳಿ ಇದೆ ಮಾವ, ನೀವ್ಯಾಕೆ..."

"ಕೋರ್ಟಿಗೆ ಅಪರಾಧಿನೂ ಬರ್ಬೇಕಲ್ಲಮ್ಮ."

ಸೊಸೆ ನಗಲಿಲ್ಲ.

ವೈರಕ್ಕ ಎಂದರೆ ಟೈರ್ ಅಂಗಡಿಯ ಹಿಂದೆ ತಗಡಿನ ಶೆಡ್ಡಿನಲ್ಲಿ ಗಾಡಿಗಳ ಕರೆಂಟಿನ ಕೆಲಸ ಮಾಡುವ ಹೆಂಗಸು. ತುರುಬಿಗೆ ಪೆನ್ಸಿಲ್ ಸಿಗಿಸಿ, ಹಣೆಗೆ ಟಾರ್ಚ್ ಕಟ್ಟಿಕೊಂಡು ಬಂದಳು. ಸೊಸೆ "ಸೆನ್ಸರ್ ಹೋಗಿರಬಹುದು ಅಂತ..." ಎಂದು ಬಾಯಿ ತೆರೆದಳೋ ಇಲ್ಲವೋ, ವೈರಕ್ಕ ಕೈ ಅಡ್ಡ ಹಿಡಿದಳು.

"ಏನಾಯ್ತು ಅಂತ ಹೇಳಿ. ಏನಿರಬಹುದು ಅಂತ ಹೇಳ್ಬೇಡಿ, ಅದು ನನ್ನ ಕೆಲಸ."

ಎಲ್ಲ ಕೇಳಿಸಿಕೊಂಡು, ಸ್ಟೇರಿಂಗಿನ ಕೆಳಗೆ ಗಾಡಿಯ ದೋಷ ಓದುವ ಸ್ಕ್ಯಾನರ್ ಸಿಕ್ಕಿಸಿ, ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಸೊಸೆಯ ಕೈಲಿ ಗಾಡಿಯನ್ನು ಒಂದು ಸುತ್ತು ಓಡಿಸಿದಳು. ಪರದೆಯ ಮೇಲೆ ನಾಲ್ಕು ಚಕ್ರದ ವೇಗ ನಾಲ್ಕು ಅಂಕಿಯಾಗಿ ಬರುತ್ತಿತ್ತು. ಮೂರು ಕಡೆ ಹನ್ನೆರಡು, ಹನ್ನೆರಡು, ಹನ್ನೆರಡು. ಹಿಂದಿನ ಎಡ ಚಕ್ರ ಮಾತ್ರ ಹನ್ನೆರಡು, ಸೊನ್ನೆ, ಒಂಬತ್ತು, ಸೊನ್ನೆ.

"ಮೂರು ಕಾಲು ನಡೀತಿವೆ, ಒಂದು ಕಾಲು ಕುಣೀತಿದೆ" ಎಂದಳು. "ಆ ಸೊನ್ನೆ ನೋಡಿ, ಚಕ್ರ ತಿರುಗದೆ ಮಂಜುಗಡ್ಡೆ ಮೇಲೆ ಜಾರ್ತಿದೆ ಅಂತ ಗಾಡಿ ಹೆದರ್ಕೊಳ್ಳುತ್ತೆ. ಬ್ರೇಕ್ ಬಿಟ್ಟು ಹಿಡಿದು ಮಾಡುತ್ತೆ. ಅದಕ್ಕೇ ನಿಮ್ಮ ಕಾಲಿಗೆ ನಡುಕ ಬಂದಿದ್ದು. ಮೂರು ದೀಪ ಅಂತ ಮೂರು ಕಾಯಿಲೆ ಅಲ್ಲ. ಸಾವು ಒಂದೇ, ಅಳೋರು ಮೂರು ಜನ."

ಗಾಡಿಯನ್ನು ಮೇಲಕ್ಕೆತ್ತಿದಳು. ಬ್ರೇಕಜ್ಜ ಚಕ್ರದ ಹತ್ತಿರಕ್ಕೆ ಬಂದು ನಿಂತ. ಚಕ್ರಕ್ಕೆಲ್ಲಾದರೂ ಪೆಟ್ಟಿನ ಗುರುತು ಇದ್ದರೆ, ಯಾರೋ ಎಂದೋ ಮಾಡಿದ್ದಾದರೂ ಸರಿ, ಅದು ತನ್ನ ತಲೆಗೇ ಬರುತ್ತದೆ.

"ಪೆಟ್ಟೇನಾದ್ರೂ ಬಿದ್ದಿದೆಯಾ?" ಸೊಸೆ ಮೆಲ್ಲಗೆ ಕೇಳಿದಳು.

"ಪೆಟ್ಟಾ? ಮದುವಣಗಿತ್ತಿ ಕೈ ಹಂಗಿದೆ ಈ ಚಕ್ರ." ಚಕ್ರದ ವೇಗ ಅಳೆಯುವ ಸೆನ್ಸರ್ ಬಿಚ್ಚಿ ನೋಡಿದಳು; ಚೆನ್ನಾಗಿತ್ತು. ಅದರ ವೈರು ಹಿಡಿದು ಚಕ್ರದ ಹಿಂದಕ್ಕೆ ಹೋಗಿ, ವೈರು ಸೇರುವ ಪ್ಲಗ್ಗು ಎಳೆದಳು. ರಬ್ಬರ್ ಉಂಗುರ ಜಾಗ ಬಿಟ್ಟು ಸೊಟ್ಟಗಾಗಿತ್ತು. ಒಳಗಿನ ಪಿನ್ನುಗಳು ಹಸಿರು ಹಿಡಿದಿದ್ದವು. ಎರಡು ಹನಿ ನೀರು ಅವಳ ಅಂಗೈ ಮೇಲೆ ಬಿತ್ತು.

"ಹಿಮದ ನೀರೇ ಇರಬೇಕು" ಎಂದಳು ಸೊಸೆ.

ವೈರಕ್ಕ ಅಂಗೈಯನ್ನು ಮೂಗಿನ ಹತ್ತಿರ ಒಯ್ದಳು. ಇನ್ನೊಮ್ಮೆ ಮೂಸಿದಳು. ಸೊಸೆಯ ಮೂಗಿಗೂ ಹಿಡಿದಳು.

"ಹಿಮ ಯಾವಾಗಿಂದ ಸೋಪು ಹಾಕ್ಕೊಂಡು ಬೀಳೋಕೆ ಶುರುಮಾಡ್ತು?"

ಆಮೇಲೆ ಬಲಗಡೆಯ ಚಕ್ರಕ್ಕೆ ಟಾರ್ಚ್ ಬಿಟ್ಟಳು. ಅಲ್ಲಿ ವರ್ಷಗಳ ಕೆಸರು ಪದರ ಪದರ. ಎಡಗಡೆಯದು ಕನ್ನಡಿಯ ಹಾಗೆ ಫಳಫಳ.

"ಗಾಡಿ ಬಲಗಡೆಗೆ ಗೋಡೆ ಇದೆಯಾ ನಿಮ್ಮನೇಲಿ?"

"ಹೌದು. ಅಂಗಳ ಇಕ್ಕಟ್ಟು, ಗೋಡೆಗೆ ಒತ್ತಿ ನಿಲ್ಲಿಸ್ತೀವಿ."

"ಎಡಗಡೆ ಈ ಥರ ತೊಳೆಯೋ ಪುಣ್ಯಾತ್ಮ ಯಾರು?"

ಬ್ರೇಕಜ್ಜನಿಗೆ ಅರ್ಥವಾಯಿತು. ಹಿಮ ಬಿದ್ದ ವಾರಗಳಲ್ಲಿ ಉಪ್ಪು ಹೋಗಲೆಂದು ಅವನು ಇನ್ನೂ ಹತ್ತಿರ ಹಿಡಿದು ಇನ್ನೂ ಜೋರಾಗಿ ಹೊಡೆದಿದ್ದ. ಜನ ಹಿಮವನ್ನು ದೂರಿದರು. ಹಿಮವಿಲ್ಲದ ಭಾನುವಾರವೂ ಹೊಡೆದ. ಮಗ ಅವನನ್ನು ದೂರಿದ. ಮಾಡದ ತಪ್ಪು ಬಿಟ್ಟುಹೋಗಬೇಕಾದರೆ ಮಾಡಿದ ತಪ್ಪನ್ನು ಎತ್ತಿಕೊಳ್ಳಬೇಕಾಗಿತ್ತು. ಕ್ಷಣವೂ ತಡಮಾಡಲಿಲ್ಲ.

"ನಾನೇ" ಎಂದ. "ಪ್ರತಿ ಭಾನುವಾರ. ಮೊನ್ನೆ ಭಾನುವಾರಾನೂ. ಪಂಪಿನ ಮೂತಿ ಅಲ್ಲೇ ಒಳಗಿಟ್ಟು ಹೊಡೀತಿದ್ದೆ."

"ಊರಿಗೆಲ್ಲ ಬಸ್ ಓಡಿಸಿದೋರು ನೀವು!" ವೈರಕ್ಕ ಸೊಂಟಕ್ಕೆ ಕೈಯಿಟ್ಟಳು. "ಅಷ್ಟು ಜೋರು ನೀರು ಎಲ್ಲಿಗೆ ಹೋಗುತ್ತೆ ಅನ್ನೋ ಬುದ್ಧಿ ಬೇಡ್ವಾ? ಹಲ್ಲುಜ್ಜು ಅಂದ್ರೆ ಬ್ರಷ್ಷು ಗಂಟಲಿಗೇ ಇಳಿಸ್ತೀರಾ? ಈ ಹುಡುಗಿ ಬ್ರೇಕ್ ಇಲ್ದೆ ಯಾರಿಗಾದ್ರೂ ಗುದ್ದಿದ್ರೆ? ಉಪ್ಪು ತೊಳೀಬೇಕು, ಸರಿ. ಒಂದು ಮೊಳ ದೂರ ನಿಂತು ತೊಳೀರಿ!"

"ಅಕ್ಕಾ, ಸ್ವಲ್ಪ ಮೆತ್ತಗೆ..." ಸೊಸೆ ನಡುವೆ ಬಂದಳು. "ವಯಸ್ಸಾಗಿದೆ ಅವರಿಗೆ."

"ಸುಮ್ನಿರಮ್ಮ ನೀನು, ಬೈಲಿ!" ಎಂದ ಬ್ರೇಕಜ್ಜ. ಅವನ ಮುಖ ಅರಳಿತ್ತು. "ಎರಡು ವರ್ಷ ಆಯ್ತು ನನ್ನ ಯಾರಾದ್ರೂ ನೆಟ್ಟಗೆ ಬೈದು. ತಾಯಿ, ಒಂದೇ ಒಂದು ಕೇಳ್ತೀನಿ. ಭಾನುವಾರ ಗಾಡಿ ಅಂಗಳ ಬಿಟ್ಟು ಹೋಗಿತ್ತಾ?"

ವೈರಕ್ಕ ಸ್ಕ್ಯಾನರ್ ಕಡೆ ಕೈ ತೋರಿಸಿದಳು. "ಈ ಸಲದ ದೋಷ ಮೊದಲು ದಾಖಲಾಗಿರೋದು ಸೋಮವಾರ ಬೆಳಗ್ಗೆ ಎಂಟು ಹತ್ತಕ್ಕೆ. ನೀರು ಹೊಕ್ಕ ಮೇಲೆ ಈ ಚಕ್ರ ತಿರುಗಿದ್ದೇ ಆವಾಗ. ಭಾನುವಾರ ಸ್ನಾನ, ಸೋಮವಾರ ನೆಗಡಿ. ಯಾಕೆ, ಯಾರಾದ್ರೂ ಹೋಗಿತ್ತು ಅಂದ್ರಾ?"

ಸೊಸೆ ಮಾವನ ಕೋಟಿನ ತೋಳು ಹಿಡಿದುಕೊಂಡಳು. "ಎಂಟು ಹತ್ತಕ್ಕೆ ನಾನಿದ್ದೆ ಗಾಡೀಲಿ" ಎಂದಳು ಆಮೇಲೆ. 

ಪ್ಲಗ್ಗಿಗೆ ಗಾಳಿ ಹೊಡೆದು ಒಣಗಿಸಿ, ಪಿನ್ನು ಉಜ್ಜಿ, ಹೊಸ ರಬ್ಬರ್ ಹಾಕಿ, ಗ್ರೀಸ್ ಸವರಿ ಮುಚ್ಚುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಮತ್ತೆ ಓಡಿಸಿ ನೋಡುವಾಗ ವೈರಕ್ಕ ಸ್ಕ್ಯಾನರನ್ನು ಬ್ರೇಕಜ್ಜನ ಮಡಿಲಿಗೇ ಹಾಕಿದಳು. "ಓದ್ರಿ." ಕಣ್ಣಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ. ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಿಂದ ಒಂದೊಂದೇ ಅಂಕಿ ಹಿಡಿದು ಕೂಗಿದ: "ಮೂವತ್ತು. ಮೂವತ್ತು. ಮೂವತ್ತು. ಹಿಂದಿನ ಎಡ, ಮೂವತ್ತು!" ಕೊನೆಯ ಸ್ಟಾಪಿನ ಹೆಸರು ಕೂಗುವಾಗ ನಾನೂ ಅಷ್ಟು ಜೋರಾಗಿ ಕೂಗಿದವನಲ್ಲ.

ಮನೆಯಲ್ಲಿ ಸೊಸೆ ಶೂ ಬಿಚ್ಚುವ ಮೊದಲೇ ಗಂಡನಿಗೆ ಎಲ್ಲ ಹೇಳಿದಳು. ಮಗ ಮೂಲೆಯಲ್ಲಿದ್ದ ಪಂಪನ್ನು ನೋಡಿದ. ತಂದುಕೊಟ್ಟವನು ಅವನೇ.

"ಅಪ್ಪಾ, ನಾನು... ನಂಬಬೇಕಿತ್ತು. ತಪ್ಪಾಯ್ತು."

"ಒಂದ್ಸಲ ಸುಳ್ಳು ಹೇಳಿದೋನು ನಾನು. ನಿನ್ನ ಅನುಮಾನಕ್ಕೆ ಬುಡ ಇತ್ತು, ಬಿಡು. ಈಗ ಬೈ."

"ಏನು?"

"ಬೈ ಅಂದೆ. ನಿನ್ನ ಹೆಂಡತಿ ಓಡಿಸೋ ಗಾಡಿ ಬ್ರೇಕಿಗೆ ನೀರು ಹೊಡೆದಿದೀನಿ. ಬೈಯೋಕೆ ಇನ್ನೇನು ಬೇಕು ನಿನಗೆ?"

ಮಗ ಹೆಂಡತಿಯ ಮುಖ ನೋಡಿದ. "ನಿಮಗೆ... ಸ್ವಲ್ಪ ಜ್ಞಾನ ಇರ್ಬೇಕಲ್ವಾ ಅಪ್ಪ?"

"ಇದೇನೋ ಬೈಯೋದು, ಲಾಲಿ ಹಾಡಿದ ಹಂಗೆ? ಜೋರಾಗಿ!"

"ಜ್ಞಾನ ಇದೆಯಾ ನಿಮಗೆ!" ಮಗ ನಿಜಕ್ಕೂ ಕಿರುಚಿದ. "ಇವಳಿಗೇನಾದ್ರೂ ಆಗಿದ್ರೆ? ಮೂರು ಸಲ ಹೇಳ್ದೆ ಹತ್ತಿರ ಹಿಡೀಬೇಡಿ ಅಂತ, ಯಾರ ಮಾತೂ ಕೇಳಲ್ಲ ನೀವು!" ಎದುರು ಮನೆಯ ಕಿಟಕಿ ತೆರೆಯಿತು. ಕಿರುಚಿ ಮುಗಿಸಿದವನು ಅಲ್ಲೇ ಮೆಟ್ಟಿಲ ಮೇಲೆ ಕೂತು, ಕಣ್ಣೊರೆಸಿಕೊಂಡು ನಗತೊಡಗಿದ. ಬ್ರೇಕಜ್ಜ ಅವನ ಪಕ್ಕದಲ್ಲಿ ಕೂತ. "ಹಾಂ," ಎಂದ, "ಈಗ ಮನೆಗೆ ಬಂದ ಹಾಗಾಯ್ತು."

ಈಗಲೂ ಭಾನುವಾರ ತೊಳೆಯುವವನು ಅವನೇ, ಮೊಳ ದೂರದಿಂದ. ಮಗ ಬಕೆಟ್ಟು ಹಿಡಿದು ಬೈಯುತ್ತ ನಿಂತಿರುತ್ತಾನೆ. ವೈರಕ್ಕನ ಶೆಡ್ಡಿನ ಮುಂದೆ ಹಾಯುವಾಗೆಲ್ಲ ಬ್ರೇಕಜ್ಜ ಕೈ ಮುಗಿಯುತ್ತಾನೆ. ಅವಳು ತಲೆಯನ್ನೂ ಎತ್ತದೆ "ಕೈ ಇಳಿಸ್ರಿ, ನಾನೇನು ದೇವರಾ? ಪ್ಲಗ್ಗಿಗೆ ನೀರು ಬಿಡಬೇಡಿ, ಸಾಕು" ಎನ್ನುತ್ತಾಳೆ. ತನ್ನ ಮಾತಿನ ಬೆಲೆಯನ್ನು ತನಗೆ ವಾಪಸ್ಸು ಕೊಡಿಸಿದವಳು ಅವಳು ಎಂದು ಅವನು ನನಗೆ ಹೇಳಿದ್ದು ಮೂರು ಸಲವಲ್ಲ, ಮೂವತ್ತು ಸಲ ಇರಬೇಕು. ಒಂದು ಸಲವೂ ನನಗೆ ಬೇಸರವಾಗಿಲ್ಲ.

ನಿಮಗೂ ಬೇಸರವಾಗದಿದ್ದರೆ ಇದನ್ನು ಇನ್ನು ನಾಲ್ಕು ಜನರಿಗೆ ಕಳಿಸಿ. ಪಂಪು ಇಟ್ಟುಕೊಂಡವರಿಗೆ ಮೊದಲು, ಮನೆಯ ಹಿರಿಯರನ್ನು ಮೆತ್ತಗೆ ಮಾತಾಡಿಸಿಯೇ ಕೊಲ್ಲುತ್ತಿರುವವರಿಗೆ ಆಮೇಲೆ. ಬಾಯಲ್ಲಿ ಹೇಳುವುದಾದರೆ ಪೂರ್ತಿ ಹೇಳಿ, ಬೈಗುಳ ಬಿಡಬೇಡಿ.