ಸೀಲಿನ ಮೂರನೇ ಸಾಲು

ಸಂಜೆ ಐದರೊಳಗೆ ಪ್ರಾಂಶುಪಾಲರ ಪತ್ರ ಈಮೇಲಿನಲ್ಲಿ ಬರದಿದ್ದರೆ ಹಳೇ ಪಠ್ಯಕ್ರಮದ ಸ್ಕೀಮಿನ ಕಡತ ಮುಚ್ಚುತ್ತೇವೆ ಎಂದು ಹಳೇ ಯೂನಿವರ್ಸಿಟಿಯ ಪರೀಕ್ಷಾ ವಿಭಾಗದವರು ಫೋನಿನಲ್ಲಿ ಹೇಳಿದಾಗ ಗಂಟೆ ಹತ್ತೂವರೆ. ರೇಖಾ ಕೊಪ್ಪದ ಕಾಲೇಜಿನಲ್ಲಿ ಗುಮಾಸ್ತ ಮರುಳಸಿದ್ದಪ್ಪನವರ ಮೇಜಿನ ಮುಂದೆ ನಿಂತಿದ್ದಳು.

ಬಾಕಿಯಿದ್ದ ಒಂದೇ ಒಂದು ಅರ್ಥಶಾಸ್ತ್ರದ ಪೇಪರನ್ನು ಕೊನೆಯ ಅವಕಾಶದಲ್ಲಿ ಬರೆದಿದ್ದಳು. ಲಿಖಿತ ಪರೀಕ್ಷೆಯಲ್ಲಿ ಪಾಸು. ಆದರೆ ಆಂತರಿಕ ಅಂಕದ ಜಾಗ ಖಾಲಿ. ಕಡತ ಮುಚ್ಚಿದರೆ ಆ ಪೇಪರು ಇನ್ನೆಂದೂ ಇಲ್ಲ, ಡಿಗ್ರಿಯೂ ಇಲ್ಲ.

"ತಪ್ಪು ನಂದೇ ಮಾರಾಯ್ತಿ," ಎಂದರು ಮರುಳಸಿದ್ದಪ್ಪ. "ಕಾಲೇಜು ಹೊಸ ಯೂನಿವರ್ಸಿಟಿಗೆ ಸೇರ್ತು, ಎಲ್ಲರ ಅಂಕ ಅಲ್ಲಿಗೆ ಕಳ್ಸಿ ಅಂದ್ರು. ಕಳ್ಸ್ದೆ. ಹಳೇ ಸ್ಕೀಮಿನೋರು ಹಳೇ ಯೂನಿವರ್ಸಿಟೀಲೇ ಉಳೀತಾರೆ ಅಂತ ನಂಗೇನು ಗೊತ್ತು? ಉಳಿದಿದ್ದು ನೀ ಒಬ್ಳೇ."

"ಹೊಸ ಯೂನಿವರ್ಸಿಟಿಯೋರನ್ನ ಕೇಳಿದ್ರಾ ಸರ್?"

"ಕೇಳ್ದೆ. ಈ ನಂಬರಿನ ಹುಡುಗಿ ನಮ್ಮೋಳಲ್ಲ ಅಂದ್ರು."

ಅವಳ ಆಂತರಿಕ ಅಂಕ ನಮೂದಿಸಿ ಪತ್ರ ಟೈಪಾಯಿತು. ಸೀಲು ಮಾತ್ರ ಹಾಕಲಿಲ್ಲ. ಸಹಿಯಿಲ್ಲದ ಕಾಗದಕ್ಕೆ ಅವರು ಮೂವತ್ತು ವರ್ಷದಲ್ಲಿ ಒಮ್ಮೆಯೂ ಸೀಲು ಒತ್ತಿದವರಲ್ಲ.

ಪ್ರಾಂಶುಪಾಲರು ಮೂರು ಕಾಲೇಜುಗಳಿಗೆ ಪ್ರಭಾರಿ. ಅಂದು ಬುಧವಾರ, ನರಸಿಂಹರಾಜಪುರದ ಸರದಿ. ಫೋನು ಎತ್ತುತ್ತಿರಲಿಲ್ಲ. ರೇಖಾ ಪತ್ರ ಹಿಡಿದು ಬಸ್ಸು ಹತ್ತಿ ಅಲ್ಲಿಗೆ ಹೋದರೆ ಅಟೆಂಡರ್ ಭಾಗ್ಯ ಬಾಗಿಲಲ್ಲೇ ಕೈಯಲ್ಲಾಡಿಸಿದಳು. "ಶೃಂಗೇರಿ ಕಾಲೇಜಿಗೆ ಯಾವ್ದೋ ಕಮಿಟಿ ಬಂದಿದೆ ಅಂತ ಬೆಳಿಗ್ಗೇನೇ ಹೋದ್ರಲ್ಲ." ರೇಖಾ ಬಂದ ದಾರಿಯಲ್ಲೇ ವಾಪಸು ಹೊರಟಳು. ಕೊಪ್ಪ ದಾಟುವಾಗ ಕಾಲೇಜಿನ ಗೇಟು ಕಿಟಕಿಯಲ್ಲಿ ಹಾದುಹೋಯಿತು. ಇಳಿಯಲಿಲ್ಲ. ಇಳಿದಿದ್ದರೂ ಸಹಿಯಿಲ್ಲ.

ಶೃಂಗೇರಿಯಲ್ಲಿ ಎರಡೂವರೆಗೆ ಪ್ರಾಂಶುಪಾಲರು ಸಿಕ್ಕರು. ಓದಿದರು, ನಿಂತಲ್ಲೇ ಸಹಿ ಹಾಕಿದರು.

"ನಾನು ಓದಿದ್ದು ಒಂದು ಯೂನಿವರ್ಸಿಟೀಲಿ ಕಣಮ್ಮ. ಅದನ್ನ ಒಡೆದು ಮಾಡಿದ್ರಲ್ಲಿ ಪಾಠ ಮಾಡ್ದೆ. ಈಗ ಅದನ್ನೂ ಒಡೆದಿದಾರೆ, ರಿಟೈರ್ ಆಗೋದು ಮೂರನೇದ್ರಲ್ಲಿ. ನಾನು ಮಾತ್ರ ಅದೇ ಕುರ್ಚಿ." ನಗು ಅರ್ಧಕ್ಕೇ ನಿಂತಿತು. "ಸೀಲೆಲ್ಲಿ?"

ಮರುಳಸಿದ್ದಪ್ಪನವರಿಗೆ ಫೋನು ಹೋಯಿತು. ಸೀಲು ಕಚೇರಿ ಬಿಟ್ಟು ಹೊರಡುವಂತಿಲ್ಲ. ಆದರೆ ಈ ಕಡೆ ಔಷಧಿ, ಬೀಗದ ಕೈ, ಜಾತಕ ಎಲ್ಲವೂ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಊರು ಸೇರುವುದು. ನಾಲ್ಕು ಗಂಟೆಗೆ ಶೃಂಗೇರಿ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸುಂದರೇಶ್ ಬಸ್ಸಿನ ಬಾಗಿಲಿಂದಲೇ ಕವರು ಚಾಚಿದ.

"ಎಂತದೇ ಇದು, ಬಂಗಾರವಾ? ಜೀವ ಹೋದ್ರೂ ಬೇರೆಯವ್ರ ಕೈಗೆ ಕೊಡ್ಬೇಡ ಅಂದ್ರು ಮರುಳಸಿದ್ದಪ್ಪನೋರು."

ರೇಖಾ ಕಾಲೇಜಿಗೆ ಓಡಿದಳು. ಪ್ರಾಂಶುಪಾಲರು ಸೀಲು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. ಮೊದಲ ಸಾಲು ಪ್ರಾಂಶುಪಾಲರು. ಎರಡನೆಯದು ಕಾಲೇಜು. ಮೂರನೆಯದು ಹೊಸ ಯೂನಿವರ್ಸಿಟಿಯ ಹೆಸರು.

"ಇದನ್ನ ಒತ್ತಿ ಕಳ್ಸಿದ್ರೆ ಹಳೇ ಯೂನಿವರ್ಸಿಟಿಯೋರು ಇದು ನಮ್ಮ ಕಾಲೇಜಲ್ಲ ಅಂತಾರೆ. ಹಳೇ ಸೀಲು ಆಗ್ಲೇ ವಾಪಸ್ ಕೊಟ್ಟಾಯ್ತು."

"ಒತ್ದೇ ಕಳ್ಸಿದ್ರೆ?"

"ತೆಗ್ದೂ ನೋಡಲ್ಲ."

ರೇಖಾ ಎದುರಿನ ಅಂಗಡಿಯಿಂದ ಬ್ಲೇಡು ತಂದಳು. ಪ್ರಾಂಶುಪಾಲರು ಬ್ಲೇಡನ್ನು ನೋಡಿದರು, ಅವಳನ್ನು ನೋಡಿದರು. "ನಾನು ಟೀ ಕುಡಿದು ಬರ್ತೀನಿ," ಎಂದು ಎದ್ದುಹೋದರು.

ರಬ್ಬರು ಅಂದುಕೊಂಡದ್ದಕ್ಕಿಂತ ಗಟ್ಟಿ. ಒಂದೊಂದೇ ಅಕ್ಷರ ಎದ್ದುಬಂತು.

ನಾಲ್ಕು ಐವತ್ತಕ್ಕೆ ಪತ್ರ ಹೋಯಿತು, ಸಹಿಯ ಮೇಲೆ ಎರಡೇ ಸಾಲಿನ ಸೀಲು. ಐದಕ್ಕೆ ಎರಡು ನಿಮಿಷವಿರುವಾಗ ಪರೀಕ್ಷಾ ವಿಭಾಗದ ಫೋನು ಬಂತು.

"ಸೀಲಿನಲ್ಲಿ ಯೂನಿವರ್ಸಿಟಿ ಹೆಸರೇ ಇಲ್ವಲ್ಲ ಸರ್. ನಿಮ್ಮದು ಯಾವ ಯೂನಿವರ್ಸಿಟಿ ಕಾಲೇಜು?"

ಪ್ರಾಂಶುಪಾಲರು ರೇಖಾಳ ಕಡೆ ನೋಡಿದರು. "ಈ ಹುಡುಗಿ ಮಟ್ಟಿಗೆ ನಿಮ್ಮದೇ."

ಆಚೆ ಕಡೆ ಕಾಗದ ಮಗುಚುವ ಸದ್ದು. ಕೊನೆಗೆ, "ನಾಳೆ ಸಿಂಡಿಕೇಟ್ ಮೀಟಿಂಗಿಗೆ ಇಡ್ತೀನಿ. ಒಪ್ತಾರೆ ಅಂತ ಹೇಳಲ್ಲ."

ಫೋನಿಟ್ಟು ಅವರು ಸೀಲನ್ನು ಕೈಗೆತ್ತಿಕೊಂಡರು. ಬ್ಲೇಡು ತಿಂದ ಜಾಗದಲ್ಲಿ ಬೆರಳಾಡಿಸಿದರು.

"ನಾಳೆ ಇನ್ನೂರು ಮಕ್ಕಳ ಪರೀಕ್ಷಾ ಅರ್ಜಿ ಹೊಸ ಯೂನಿವರ್ಸಿಟಿಗೆ ಹೋಗ್ಬೇಕು. ಕೊನೇ ದಿನ. ಎಲ್ಲದಕ್ಕೂ ಈ ಸೀಲೇ."

ರೇಖಾ ಕೆಳಗೆ ಕೂತು ನೆಲದ ಮೇಲಿನ ರಬ್ಬರಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು.