ಅನ್ನನಾಳದ ವರದಿಯ ಕೊನೆಯ ಸಾಲು

೧
ಹೇಗೆ ಶುರು ಮಾಡಲಿ? ‘ಚಿಕ್ಕಮ್ಮನ ಎದೆಯಲ್ಲಿ ತುತ್ತು ಸಿಕ್ಕಿಕೊಂಡಿತು’ ಎಂದರೆ ತಪ್ಪು ತುತ್ತಿನದು ಅನ್ನಿಸುತ್ತದೆ. ‘ನಾನು ಎಂಡೋಸ್ಕೋಪಿ ಕೋಣೆಯ ಟೈಪಿಸ್ಟು’ ಎಂದರೆ ನೀವು ಪುಟ ಮಗುಚುತ್ತೀರಿ. ದಯವಿಟ್ಟು ಮಗುಚಬೇಡಿ. ವಿಷಯ ಗೊತ್ತಾಗಿ ಇನ್ನೂ ಒಂದು ಗಂಟೆ ಆಗಿಲ್ಲ.

೨
(ಹಳೆಯ ಡ್ರಾಫ್ಟು: ತೇಗಿನ ಬಗ್ಗೆ ಹಾಸ್ಯಕಥೆ. ಬಿಡುವಿನಲ್ಲಿ ಕಥೆ ಗೀಚುವ ಚಟ ನನಗೆ. ಬೆಳಿಗ್ಗೆವರೆಗೂ ಅದನ್ನು ಓದಿ ನಾನೊಬ್ಬನೇ ನಗುತ್ತಿದ್ದೆ. ಈಗ ಹರಿದು ಬುಟ್ಟಿಗೆ ಹಾಕಿದ್ದೇನೆ.)

೩
ನಮ್ಮ ಕೆಲಸ ಹೀಗೆ. ಡಾಕ್ಟರು ಬಾಯಿಂದ ಪೈಪು ಇಳಿಸಿ, ಕಂಡದ್ದನ್ನು ಗಟ್ಟಿಯಾಗಿ ಹೇಳುತ್ತಾರೆ. ನಾನು ಟೈಪ್ ಮಾಡುತ್ತೇನೆ. ಹೊಟ್ಟೆಯ ಆಮ್ಲ ಮೇಲಕ್ಕೆ ಉಕ್ಕಿ ಅನ್ನನಾಳವನ್ನು ಸುಟ್ಟರೆ ಆ ಗಾಯಕ್ಕೆ ನಾಲ್ಕು ಗ್ರೇಡು. ಎ ಅಂದರೆ ಅರ್ಧ ಸೆಂಟಿಮೀಟರ್ ದಾಟದ ಗೀರು. ಡಿ ಅಂದರೆ ನಾಳದ ಸುತ್ತಳತೆಯಲ್ಲಿ ಮುಕ್ಕಾಲು ಪಾಲೋ ಅದಕ್ಕೂ ಹೆಚ್ಚೋ ಸುಟ್ಟಿದೆ ಎಂದು.

ಪ್ರತಿ ಸಲ ಹೊಸದಾಗಿ ಯಾರು ಟೈಪ್ ಮಾಡುತ್ತಾರೆ? ಹಿಂದಿನ ರೋಗಿಯ ಫೈಲು ತೆರೆದು ಹೆಸರು, ವಯಸ್ಸು, ಗ್ರೇಡು ಬದಲಿಸಿ ಸೇವ್ ಮಾಡುವುದು. ಎಲ್ಲವೂ ಇಂಗ್ಲಿಷಿನಲ್ಲಿ, ಕೊನೆಯ ಸಾಲು ಮಾತ್ರ ಕನ್ನಡದಲ್ಲಿ, ರೋಗಿಗೆ ಅರ್ಥವಾಗಲಿ ಎಂದು. ಎ ಗ್ರೇಡಿಗೆ ಆ ಸಾಲು, ‘ಮತ್ತೆ ಪರೀಕ್ಷೆಗೆ ಬರಬೇಕಾಗಿಲ್ಲ.’ ಡಿ ಗ್ರೇಡಿಗೆ, ‘ಎಂಟು ವಾರ ತಿಂಡಿಗೆ ಅರ್ಧ ಗಂಟೆ ಮೊದಲು ಮಾತ್ರೆ; ಆಮೇಲೆ ತಪ್ಪದೆ ಮರುಪರೀಕ್ಷೆ.’ ಗಾಯ ಮಾಯ್ದ ಮೇಲೆಯೇ ಅದರ ಅಡಿಯಲ್ಲಿ ಇನ್ನೇನಾದರೂ ಕೆಟ್ಟದ್ದು ಅಡಗಿದೆಯೇ ಎಂದು ತಿಳಿಯುವುದು.

೪
ಚಿಕ್ಕಮ್ಮ ಟೈಲರು. ಊಟ ಮಾಡಿದ ಕೈ ತೊಳೆದು ಒರೆಸುವ ಮೊದಲೇ ಮಿಷನ್ನಿನ ಮೇಲೆ ಬಗ್ಗಿರುತ್ತಿದ್ದಳು. ಎರಡು ವರ್ಷದ ಹಿಂದೆ ಎದೆಯುರಿ ಎಂದು ಬಂದಾಗ ಡಿ ಗ್ರೇಡು. ಎಂಟು ವಾರ ಬಿಟ್ಟು ಬರಲು ಡಾಕ್ಟರು ಬಾಯಲ್ಲಿ ಹೇಳಿಯೂ ಇದ್ದರು, ಆದರೆ ಅವಳು ಇಂಜೆಕ್ಷನ್ನಿನ ಮಂಪರಿನಲ್ಲಿದ್ದಳು. ವರದಿ ನಾನೇ ಟೈಪ್ ಮಾಡಿದೆ. ಅವಳು ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ಒಂದು ತಿಂಗಳು ನುಂಗಿ, ಉರಿ ಹೋಯಿತೆಂದು ಬಿಟ್ಟಳು. ಮತ್ತೆ ಬರಲಿಲ್ಲ; ನನಗೂ ಕೇಳುವ ನೆನಪಾಗಲಿಲ್ಲ.

ಇವತ್ತು ಬೆಳಿಗ್ಗೆ ಬಂದಳು. ನೀರು ಬಿಟ್ಟರೆ ಏನೂ ಇಳಿಯುತ್ತಿಲ್ಲ. ಗಾಯ ಆರುತ್ತಾ ಕೆರಳುತ್ತಾ ನಾಳವೇ ಕಿರಿದಾಗಿದೆ.

“ಎರಡು ವರ್ಷ ಎಲ್ಲಿ ಹೋಗಿದ್ರಮ್ಮಾ?” ಡಾಕ್ಟರು ರೇಗಿದರು.

“ಬರಬೇಕಾಗಿಲ್ಲ ಅಂತ ಇತ್ತಲ್ಲ ಡಾಕ್ಟ್ರೇ, ಚೀಟೀಲಿ.”

“ಹಾಗೆ ಯಾರೂ ಬರೆಯಲ್ಲ. ನೀವೇ ಸರಿಯಾಗಿ ಓದಿಲ್ಲ.”

“ಇರಬಹುದೇನೋ,” ಎಂದಳು ಚಿಕ್ಕಮ್ಮ ತಲೆ ತಗ್ಗಿಸಿ. “ನನ್ನ ಓದು ಅಷ್ಟಕ್ಕಷ್ಟೇ.”

ನಾನೂ ಹೌದೌದು ಎಂಬಂತೆ ತಲೆಯಾಡಿಸಿದೆ. (ಇದನ್ನು ಬರೆಯದೆ ಬಿಡಬಹುದಿತ್ತು. ನಾಚಿಕೆಯಾಗುತ್ತಿದೆ.) ಡಾಕ್ಟರು ಬಲೂನಿನಿಂದ ನಾಳ ಹಿಗ್ಗಿಸಿ, ಬಯಾಪ್ಸಿಗೆ ನಾಲ್ಕು ಚೂರು ತೆಗೆದರು. ಅವಳನ್ನು ಪಕ್ಕದ ವಾರ್ಡಿಗೆ ಸಾಗಿಸಿದ ಮೇಲೆ, ಹಳೆಯ ವರದಿಗಾಗಿ ಅವಳ ಚೀಲ ತೆರೆದೆ. ನಾನು ಟೈಪ್ ಮಾಡಿದ್ದೆಂದು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾಳೆ. ಹೆಸರು ಅವಳದು. ಗ್ರೇಡು ಡಿ. ಕೆಳಗೆ ಡಾಕ್ಟರ ಸಹಿ. ಸಹಿಯ ಮೇಲೆ, ‘ಮತ್ತೆ ಪರೀಕ್ಷೆಗೆ ಬರಬೇಕಾಗಿಲ್ಲ.’

ಅವತ್ತಿನ ಫೈಲುಗಳನ್ನು ತೆರೆದು ನೋಡಿದೆ. ಅವಳ ಹಿಂದಿನ ರೋಗಿ ಎ ಗ್ರೇಡಿನವನು. ಅವನ ಸಾಲು ಇವಳ ವರದಿಯಲ್ಲಿ ಉಳಿದುಬಿಟ್ಟಿದೆ.

೫
ಮುಕ್ತಾಯ ಒಂದು: ಲ್ಯಾಮಿನೇಟ್ ಹಾಳೆ ಎಲ್ಲೋ ಕಳೆದುಹೋಗುತ್ತದೆ. ಕಂಪ್ಯೂಟರಿನಲ್ಲಿ ಆ ಸಾಲು ಸರಿಹೋಗುತ್ತದೆ. (ಫೈಲು ತೆರೆದಿದ್ದೇನೆ. ಕರ್ಸರ್ ಮಿಣುಕುತ್ತಿದೆ.)

ಮುಕ್ತಾಯ ಎರಡು: ಬಯಾಪ್ಸಿಯಲ್ಲಿ ಏನೂ ಇಲ್ಲ, ಎಲ್ಲರೂ ನಗುತ್ತಾರೆ. (ರಿಪೋರ್ಟು ಬರುವುದು ಮುಂದಿನ ವಾರ.)

“ನನ್ನನ್ನ ಸಾಯಿಸ್ತೀಯೇನೋ ಕಥೇಲಿ?” ಕಥೆಯೊಳಗಿನ ಚಿಕ್ಕಮ್ಮ ಕೇಳುತ್ತಾಳೆ. ನಿಜವಾದವಳು ಪಕ್ಕದಲ್ಲಿ ಮಲಗಿದ್ದಾಳೆ, ಇವಳಿಗೆ ಬಾಯಿ ಜಾಸ್ತಿ.

“ಇಲ್ಲ ಚಿಕ್ಕಮ್ಮ.”

“ಹಂಗಾದ್ರೆ ವಾಸಿ ಮಾಡು. ಬರೆಯೋನು ನೀನೇ ಅಲ್ವಾ?”

“ನಾನು ಬರೆದಿದ್ದಕ್ಕೇ ಹೀಗಾಯ್ತು.”

“ರವಿಕೆ ಕೆಟ್ರೆ ನಾನೇನ್ಮಾಡ್ತೀನಿ ಗೊತ್ತಲ್ಲ? ಕತ್ತರಿ ತಗೊಂಡು ಹೊಲಿಗೆ ಬಿಚ್ತೀನಿ. ಗಿರಾಕಿ ಮುಂದೇನೇ.”

೬
ಎದ್ದು ವಾರ್ಡಿಗೆ ಹೋಗಿ ಬಂದೆ. ನಾನು ಹೋದಾಗ ಡಾಕ್ಟರು ಅವಳ ಮಂಚದ ಬಳಿ ನಿಂತು, “ಈ ಸಲನಾದ್ರೂ ಸರಿಯಾಗಿ ಓದ್ಕೊಳ್ಳಿ” ಎನ್ನುತ್ತಿದ್ದರು. ಅವಳು ಹೂಂಗುಟ್ಟುತ್ತಿದ್ದಳು.

“ಸಾರ್, ಅವರು ಸರಿಯಾಗೇ ಓದಿದ್ರು,” ಎಂದು ಹಾಳೆ ಕೊಟ್ಟೆ. “ನಾನು ಹಳೇ ಸಾಲು ತೆಗೀದೆ ಬಿಟ್ಟಿದ್ದೆ.”

ಡಾಕ್ಟರು ಓದಿದರು. ತಮ್ಮ ಸಹಿಯನ್ನೂ ನೋಡಿಕೊಂಡರು.

ಚಿಕ್ಕಮ್ಮ ನನ್ನತ್ತ ತಿರುಗಿ, ಒಡೆದ ದನಿಯಲ್ಲಿ ಕೇಳಿದಳು: “ಹಂಗಾದ್ರೆ ನನಗೆ ಓದೋಕೆ ಬರುತ್ತೆ, ಅಲ್ವೇನೋ?”

ನಾನು ಅತ್ತುಬಿಟ್ಟೆ. ಕ್ಷಮಿಸಿದಳೇ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

೭
ಇಲ್ಲಿಗೆ ಮುಗಿಸಬಹುದು ಎಂದು ನೀವು ಹೇಳುತ್ತೀರಿ. ಆಗುವುದಿಲ್ಲ. ಡಾಕ್ಟರು ಹಿಂದೆಯೇ ಬಂದು, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಿದ್ದಾರೆ. “ಈ ಎರಡು ವರ್ಷದ ಡಿ ಎಲ್ಲಾ ತೆಗಿ,” ಎಂದರು. ನೂರಾ ಹದಿನೇಳು ಫೈಲುಗಳಿವೆ. ಒಂದೊಂದನ್ನೇ ತೆರೆದು ನೇರವಾಗಿ ಕೆಳಕ್ಕೆ ಹೋಗುತ್ತಿದ್ದೇವೆ.

ಮೊದಲನೆಯದು ಸರಿಯಿದೆ.

ಎರಡನೆಯದು ಸರಿಯಿದೆ.

ಮೂರನೆಯದು ಒಬ್ಬ ಬಸ್ ಡ್ರೈವರನದು, ವಯಸ್ಸು ನಲವತ್ತೊಂದು, ಗ್ರೇಡು ಡಿ, ಕೊನೆಯ ಸಾಲು